ಕೆಟ್ಟುಹೋದ ರೀಚಾರ್ಜ್ ಟಾರ್ಚಿಗೆ ಲಿಥಿಯಂ ಸೆಲ್ ಅಳವಡಿಸುವ ಬಗೆ

ಸಂತೆಯಲ್ಲೂ ಬಸ್ ನಿಲ್ದಾಣದ ಅಂಗಡಿಯಲ್ಲೂ ಅಗ್ಗದ ಬೆಲೆಗೆ ಸಿಗುವ ಪ್ಲಾಸ್ಟಿಕ್ಕಿನ ರೀಚಾರ್ಜ್ ಟಾರ್ಚುಗಳಲ್ಲಿ ಮೊದಲು ಕೈಕೊಡುವುದು ಎಲ್‌ಇಡಿಯೂ ಅಲ್ಲ, ಸ್ವಿಚ್ಚೂ ಅಲ್ಲ. ಒಳಗಿರುವ 4 ವೋಲ್ಟಿನ ಪುಟ್ಟ ಸೀಸ-ಆಮ್ಲ ಬ್ಯಾಟರಿ. ಮಳೆಗಾಲ ಕಳೆದ ಮೇಲೆ ಟಾರ್ಚನ್ನು ಅಟ್ಟಕ್ಕೆ ಸೇರಿಸಿ ನಾಲ್ಕೈದು ತಿಂಗಳು ಚಾರ್ಜ್ ಮಾಡದೆ ಬಿಟ್ಟರೆ ಆ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ಅನಂತರ ರಾತ್ರಿಯಿಡೀ ಪ್ಲಗ್ಗಿಗೆ ಸಿಕ್ಕಿಸಿಟ್ಟರೂ ಅದು ಸ್ವಲ್ಪ ಹೊತ್ತು ಮಂಕಾಗಿ ಉರಿದು ಆರಿಹೋಗುತ್ತದೆ. ತ್ರೀ ಫೇಸ್ ಕರೆಂಟು ಬರುವ ಹೊತ್ತಿಗೆ ಕತ್ತಲಲ್ಲಿ ತೋಟಕ್ಕೆ ಹೋಗಿ ಪಂಪ್ ಚಾಲೂ ಮಾಡಬೇಕಾದ ರೈತರಿಗೆ ಇಂಥ ಟಾರ್ಚನ್ನು ನಂಬಿ ಕಾಲಿಡುವುದು ಅಪಾಯ. ಅದನ್ನು ಗುಜರಿಗೆ ಹಾಕುವ ಬದಲು ಒಂದು ಲಿಥಿಯಂ-ಅಯಾನ್ ಸೆಲ್ ಮತ್ತು ಅದಕ್ಕೆ ಹೊಂದುವ ಚಾರ್ಜಿಂಗ್ ಬೋರ್ಡ್ ಅಳವಡಿಸಿದರೆ, ಅದು ಹೊಸತಾಗಿದ್ದಾಗಿನದಕ್ಕಿಂತಲೂ ಚೆನ್ನಾಗಿ, ಹೆಚ್ಚು ಸುರಕ್ಷಿತವಾಗಿ ಕೆಲಸ ಮಾಡುತ್ತದೆ.

ಸುರಕ್ಷತೆಯ ಮಾತನ್ನು ಬಿಡಿಸಿ ಹೇಳಬೇಕು. ಈ ಟಾರ್ಚುಗಳ ಒಳಗೆ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಗೋಡೆಯ 230 ವೋಲ್ಟನ್ನು ಒಂದು ಚಪ್ಪಟೆ ಕೆಪಾಸಿಟರ್ ಮತ್ತು ನಾಲ್ಕು ಡಯೋಡುಗಳ ಮೂಲಕ ನೇರವಾಗಿ ಬ್ಯಾಟರಿಗೆ ಹರಿಸಿರುತ್ತಾರೆ. ಪ್ಲಗ್ಗಿನಲ್ಲಿರುವಾಗ ಟಾರ್ಚಿನ ಒಳಗಿನ ಪ್ರತಿಯೊಂದು ತಂತಿಯೂ ಶಾಕ್ ಹೊಡೆಯಬಲ್ಲದು. ಲಿಥಿಯಂ ಸೆಲ್ಲನ್ನು ಈ ಹಳೆಯ ಚಾರ್ಜರಿಗೇ ಜೋಡಿಸಿಬಿಡುವವರಿದ್ದಾರೆ. ಹಾಗೆ ಎಂದಿಗೂ ಮಾಡಬಾರದು. ಸೆಲ್ ತುಂಬಿದ ಮೇಲೆ ಚಾರ್ಜನ್ನು ನಿಲ್ಲಿಸುವ ವ್ಯವಸ್ಥೆ ಅದರಲ್ಲಿಲ್ಲ, ಮತ್ತು 4.2 ವೋಲ್ಟ್ ದಾಟಿಯೂ ಚಾರ್ಜ್ ಆಗುತ್ತಲೇ ಇರುವ ಲಿಥಿಯಂ ಸೆಲ್ ಬೆಂಕಿಗೆ ಕಾರಣವಾಗುತ್ತದೆ.

ಅಗ್ಗದ ಟಾರ್ಚಿನ ಲೋಹದ ಕೊಳವೆಯನ್ನು ವೇಪ್ ಸಾಧನವಾಗಿ, ಅಂದರೆ ದ್ರವವನ್ನು ಕಾಯಿಸಿ ಆವಿ ಸೇದುವ ಇ-ಸಿಗರೇಟಾಗಿ ಬದಲಾಯಿಸುವ ಹವ್ಯಾಸವೊಂದು 2008ರ ಸುಮಾರಿಗೆ ಬ್ರಿಟನ್ನಿನಲ್ಲಿ ಹುಟ್ಟಿ ಬೇರೆ ದೇಶಗಳಿಗೂ ಹರಡಿತು. ನಮ್ಮಲ್ಲಿ ಕುತೂಹಲದಿಂದ ಅದನ್ನು ಕೇಳುವ ಹುಡುಗರಿದ್ದಾರೆ, ಆದ್ದರಿಂದ ಇಲ್ಲಿಯೇ ಸ್ಪಷ್ಟವಾಗಿ ಹೇಳುತ್ತೇನೆ. ಭಾರತದಲ್ಲಿ 2019ರ ಕಾಯ್ದೆಯ ಪ್ರಕಾರ ಇ-ಸಿಗರೇಟಿನ ತಯಾರಿಕೆ ಮತ್ತು ಮಾರಾಟ ಅಪರಾಧ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಾನೂನನ್ನು ಬದಿಗಿಟ್ಟು ನೋಡಿದರೂ ಅದು ಕೆಟ್ಟ ಯೋಚನೆಯೇ. ಕಾಯಿಸುವ ಸುರುಳಿ ಎಳೆಯುವ ಕರೆಂಟು ಟಾರ್ಚಿನ ಎಲ್‌ಇಡಿ ಎಳೆಯುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಶಾರ್ಟ್ ಆದಾಗ ಕರೆಂಟನ್ನು ಕಡಿಯುವ ರಕ್ಷಣಾ ಬೋರ್ಡ್ ಇಲ್ಲದ ಸೆಲ್ ಬಿಸಿಯೇರಿ ಅನಿಲ ಬಿಟ್ಟರೆ, ಬಿಗಿಯಾಗಿ ಮುಚ್ಚಿದ ಕೊಳವೆಯಲ್ಲಿ ಅದಕ್ಕೆ ಹೊರದಾರಿ ಇಲ್ಲ, ಸ್ಫೋಟ ಆಗುವುದು ಮುಖದ ಎದುರಿಗೇ. ಅಮೆರಿಕದ ಫ್ಲಾರಿಡಾದಲ್ಲಿ 2018ರಲ್ಲಿ, ಟೆಕ್ಸಾಸಿನಲ್ಲಿ 2019ರಲ್ಲಿ ವೇಪ್ ಸಾಧನ ಸಿಡಿದು ಜನ ಸತ್ತಿದ್ದಾರೆ. ಅದೇ ಸೆಲ್ಲನ್ನು ಬೆಳಕಿಗೆ ಬಳಸುವಾಗಲೂ ಈ ಗುಣ ಬದಲಾಗುವುದಿಲ್ಲ, ಆದುದರಿಂದಲೇ ಮುಂದಿನ ಕೆಲಸದಲ್ಲಿ ರಕ್ಷಣಾ ಬೋರ್ಡನ್ನು ಬಿಡುವ ಮಾತೇ ಇಲ್ಲ.

ಸೆಲ್ಲಿನ ಆಯ್ಕೆಯಲ್ಲಿ ಮೋಸ ಹೋಗುವವರೇ ಹೆಚ್ಚು. 18650 ಎಂಬ ಅಳತೆಯ ಸೆಲ್ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಇರುತ್ತದೆ. ಅದರ ಸಾಮಾನ್ಯ ವೋಲ್ಟೇಜ್ 3.7. ಈ ಗಾತ್ರದ ಒಳ್ಳೆಯ ಸೆಲ್ಲುಗಳ ಸಾಮರ್ಥ್ಯ ಹೆಚ್ಚಾಗಿ 2000ರಿಂದ 3500 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಒಳಗೇ ಇರುತ್ತದೆ. ಮೇಲೆ 9900 ಎಂದು ಅಚ್ಚು ಹಾಕಿದ್ದರೆ ಅದು ಸುಳ್ಳೆಂದು ತಿಳಿದು ಅಲ್ಲೇ ಬಿಟ್ಟುಬರಬೇಕು. ಚಿನ್ನ ತೂಗುವ ಪುಟ್ಟ ತಕ್ಕಡಿ ಸಿಕ್ಕರೆ ತೂಗಿ ನೋಡಬಹುದು: ಅಸಲಿ ಸೆಲ್ ಸುಮಾರು 45 ಗ್ರಾಂ ತೂಗುತ್ತದೆ, ನಕಲಿಯದು ಎಷ್ಟೋ ಹಗುರ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬಿಚ್ಚಿದ ಸೆಲ್ಲುಗಳು ಕಡಿಮೆ ಬೆಲೆಗೆ ಸಿಗುತ್ತವೆ, ಆದರೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇಟ್ಟು ನೋಡದೆ ಕೊಳ್ಳಬಾರದು. 2 ವೋಲ್ಟಿಗಿಂತ ಕೆಳಗಿಳಿದದ್ದು, ಮೈ ತಗ್ಗುಬಿದ್ದದ್ದು, ತುದಿಯಲ್ಲಿ ತುಕ್ಕು ಅಥವಾ ಜಿನುಗು ಕಾಣುವಂಥದ್ದು, ಚಾರ್ಜ್ ಆಗುವಾಗ ಕೈಗೆ ಬಿಸಿ ತಾಕುವಂಥದ್ದು ಯಾವುದೂ ಬೇಡ. ಸೆಲ್ಲಿನ ಹೊರಮೈಯೆಲ್ಲ ಋಣ ಧ್ರುವವೇ ಆಗಿದ್ದು, ಧನ ತುದಿಯ ಅಂಚಿನಲ್ಲಿ ಎರಡನ್ನೂ ಬೇರ್ಪಡಿಸುವುದು ತೆಳುವಾದ ಪ್ಲಾಸ್ಟಿಕ್ ಹೊದಿಕೆ ಮಾತ್ರ. ಆ ಹೊದಿಕೆ ಹರಿದಿದ್ದರೆ ಹೊಸದನ್ನು ತೊಡಿಸದೆ ಬಳಸಬೇಡಿ.

ಚಾರ್ಜಿಂಗಿಗೆ ಟಿಪಿ4056 ಎಂಬ ಚಿಪ್ ಇರುವ ಪುಟ್ಟ ಬೋರ್ಡ್ ಸಾಕು. ಇದರಲ್ಲಿ ಎರಡು ಬಗೆಯಿದೆ, ಕೊಳ್ಳುವಾಗ ಬಿ+, ಬಿ-, ಔಟ್+, ಔಟ್- ಎಂದು ನಾಲ್ಕು ಬೆಸುಗೆ ಬಿಂದುಗಳಿರುವ ರಕ್ಷಣಾ ಬೋರ್ಡನ್ನೇ ಕೇಳಿ ಪಡೆಯಿರಿ. ಅದು ಸೆಲ್ 4.2 ವೋಲ್ಟ್ ಮುಟ್ಟುವಾಗ ಚಾರ್ಜನ್ನು ನಿಲ್ಲಿಸುತ್ತದೆ, ಸುಮಾರು 2.5 ವೋಲ್ಟಿಗೆ ಇಳಿದರೆ ಬೆಳಕನ್ನು ಕಡಿದುಹಾಕುತ್ತದೆ, ಶಾರ್ಟ್ ಆದರೆ ತಾನೇ ಕಳಚಿಕೊಳ್ಳುತ್ತದೆ. ಮೊಬೈಲಿನ ಸಾಧಾರಣ 5 ವೋಲ್ಟ್ ಚಾರ್ಜರ್ ಇದಕ್ಕೆ ಸಾಕು.

ಇನ್ನು ಬಿಚ್ಚುವ ಕೆಲಸ. ಟಾರ್ಚನ್ನು ಗೋಡೆಯಿಂದ ತೆಗೆದು ಕೆಲವು ನಿಮಿಷ ಬಿಟ್ಟು, ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನಿಂದ ಪ್ಲಗ್ಗಿನ ಎರಡು ಕಡ್ಡಿಗಳನ್ನು ಒಟ್ಟಿಗೆ ಮುಟ್ಟಿಸಿ ಉಳಿದ ಚಾರ್ಜನ್ನು ಕಳೆಯಿರಿ. ಮುಚ್ಚಳ ತೆರೆದರೆ ಹಳೆಯ ಬ್ಯಾಟರಿಯ ಪಕ್ಕೆ ಉಬ್ಬಿರುವುದು, ತಂತಿ ಸೇರುವಲ್ಲಿ ಬಿಳಿಯ ಪುಡಿ ಕೂತಿರುವುದು ಹೆಚ್ಚಾಗಿ ಕಾಣುತ್ತದೆ. ಅದು ಆಮ್ಲದ ಶೇಷ, ಬರಿಗೈ ತಾಗಿಸದೆ ಅಡಿಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಬ್ಯಾಟರಿ, ಹಳೆಯ ಚಾರ್ಜರ್ ಭಾಗ, ಪ್ಲಗ್ಗಿನ ಕಡ್ಡಿಗಳು, ಮೂರನ್ನೂ ಪೂರ್ತಿಯಾಗಿ ತೆಗೆಯಬೇಕು. ಕಡ್ಡಿಗಳನ್ನು ಹಾಗೆಯೇ ಉಳಿಸಿದರೆ ವಿಷಯ ತಿಳಿಯದ ಮನೆಯವರು ಯಾರಾದರೂ ಅಭ್ಯಾಸಬಲದಿಂದ ಅದನ್ನು ಗೋಡೆಗೆ ಸಿಕ್ಕಿಸಿಯಾರು.

ಸೆಲ್ಲಿನ ಮೈಗೆ ನೇರವಾಗಿ ಬೆಸುಗೆ ಹಾಕಬೇಡಿ, ಕಾವು ಒಳಗಿನ ಪದರಗಳನ್ನು ಕೆಡಿಸುತ್ತದೆ. ಪ್ಲಾಸ್ಟಿಕ್ ಹೋಲ್ಡರ್ ಬಳಸಿ, ಜಾಗ ಸಾಲದಿದ್ದರೆ ನಿಕ್ಕಲ್ ಪಟ್ಟಿ ಕೂರಿಸಿದ ಸೆಲ್ಲನ್ನೇ ಕೊಳ್ಳಿ. ಸೆಲ್ಲನ್ನು ಹೋಲ್ಡರಿಗೆ ಹಾಕುವ ಮುನ್ನವೇ ಎಲ್ಲ ಬೆಸುಗೆಯನ್ನೂ ಮುಗಿಸಬೇಕು: ಹೋಲ್ಡರಿನ ಕೆಂಪು ತಂತಿ ಬಿ+ಗೆ, ಕಪ್ಪು ತಂತಿ ಬಿ-ಗೆ, ಔಟ್+ನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಒಂದು ರೆಸಿಸ್ಟರ್ ಮೂಲಕ ಎಲ್‌ಇಡಿಯ ಧನ ತುದಿಗೆ, ಎಲ್‌ಇಡಿಯ ಇನ್ನೊಂದು ತುದಿ ಔಟ್-ಗೆ. ಧನ-ಋಣ ಅದಲುಬದಲಾದರೆ ಬೋರ್ಡ್ ಆ ಕ್ಷಣದಲ್ಲೇ ಸುಟ್ಟುಹೋಗುತ್ತದೆ.

ರೆಸಿಸ್ಟರನ್ನು ಬಿಡಬಾರದು ಎನ್ನುವುದಕ್ಕೆ ಕಾರಣವಿದೆ. ಹಳೆಯ ಬ್ಯಾಟರಿಯ ಒಳರೋಧವೇ ಕರೆಂಟಿಗೆ ಕಡಿವಾಣ ಹಾಕುತ್ತಿತ್ತು, ಲಿಥಿಯಂ ಸೆಲ್ಲಿನ ಒಳರೋಧ ತೀರ ಕಡಿಮೆ. 1 ವ್ಯಾಟಿನ ಎಲ್‌ಇಡಿ ಸುಮಾರು 3.2 ವೋಲ್ಟಿನಲ್ಲಿ ಉರಿಯುತ್ತದೆ. ತುಂಬಿದ ಸೆಲ್ಲಿನ 4.2ರಲ್ಲಿ ಅದನ್ನು ಕಳೆದರೆ 1 ವೋಲ್ಟ್ ಉಳಿಯುತ್ತದೆ, ಕರೆಂಟು 0.3 ಆಂಪಿಯರ್ ಸಾಕೆಂದರೆ 3.3 ಓಮಿನ ರೆಸಿಸ್ಟರ್ ಬೇಕು. ಅದರಲ್ಲಿ 0.3 ವ್ಯಾಟಿನಷ್ಟು ಶಾಖ ಹುಟ್ಟುವುದರಿಂದ 1 ವ್ಯಾಟಿನದನ್ನೇ ಹಾಕಿ. ಈ ಲೆಕ್ಕದಲ್ಲಿ 2000 ಎಂಎಎಚ್ ಸೆಲ್ ಆರು ಗಂಟೆಗೂ ಮೇಲ್ಪಟ್ಟು ಬೆಳಕು ಕೊಡುತ್ತದೆ.

ಯುಎಸ್‌ಬಿ ಕಿಂಡಿ ಹೊರಗೆ ಬರುವಂತೆ ಹಳೆಯ ಪ್ಲಗ್ಗಿದ್ದ ಜಾಗವನ್ನು ಕೊರೆದು ಬೋರ್ಡನ್ನು ಭದ್ರವಾಗಿ ಅಂಟಿಸಿ. ಸೆಲ್ ಹಾಕಿ ಸ್ವಿಚ್ ಒತ್ತಿದಾಗ ಬೆಳಕು ಬರಲಿಲ್ಲವೆಂದು ಗಾಬರಿಯಾಗಬೇಡಿ. ರಕ್ಷಣಾ ಬೋರ್ಡ್ ಕೆಲವೊಮ್ಮೆ ಚಾರ್ಜರನ್ನು ಒಮ್ಮೆ ಸಿಕ್ಕಿಸಿದ ಮೇಲಷ್ಟೇ ಎಚ್ಚರಗೊಳ್ಳುತ್ತದೆ. ಮೊದಲ ಚಾರ್ಜನ್ನು ಹಾಸಿಗೆ, ಪರದೆಗಳಿಂದ ದೂರ, ಕಲ್ಲಿನ ನೆಲದ ಮೇಲಿಟ್ಟು ಎದುರಿಗೆ ಕೂತೇ ಮಾಡಿ. ಬೋರ್ಡಿನ ಕೆಂಪು ದೀಪ ಹೋಗಿ ನೀಲಿ ದೀಪ ಬಂದ ಮೇಲೆ ಮಲ್ಟಿಮೀಟರ್ ಸುಮಾರು 4.2 ತೋರಿಸಬೇಕು. ಒಂದು ವಾರ ಬಳಸದೆ ಇಟ್ಟು ಮತ್ತೆ ಅಳೆದಾಗ 4.1ಕ್ಕಿಂತ ಕೆಳಗಿಳಿದಿದ್ದರೆ ಆ ಸೆಲ್ ನಂಬಿಕೆಗೆ ತಕ್ಕುದಲ್ಲ, ಬದಲಿಸಿ. ಚಾರ್ಜ್ ಆಗುತ್ತಿರುವಾಗ ಟಾರ್ಚ್ ಹಚ್ಚುವುದನ್ನು ತಪ್ಪಿಸಿ, ಏಕೆಂದರೆ ಆಗ ಸೆಲ್ ತುಂಬಿದ್ದು ಬೋರ್ಡಿಗೆ ಸರಿಯಾಗಿ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಎತ್ತಿಡುವುದಾದರೆ ಅರ್ಧದಷ್ಟು ಚಾರ್ಜ್ ಇರಲಿ, ಬಿಸಿಲು ಬೀಳುವ ಕಿಟಕಿಯಾಗಲಿ ತಗಡಿನ ಮಾಡಿನ ಕೆಳಗಿನ ಅಟ್ಟವಾಗಲಿ ಬೇಡ.

ತೆಗೆದ ಸೀಸದ ಬ್ಯಾಟರಿಯನ್ನು ಮಕ್ಕಳ ಕೈಗೆ ಸಿಗದಂತೆ ಇಟ್ಟು, ವಾಹನದ ಬ್ಯಾಟರಿ ಮಾರುವ ಅಂಗಡಿಗೆ ಕೊಡಿ. ತಿಪ್ಪೆಗೆ ಎಸೆದರೆ ಅದರ ಸೀಸ ಮಣ್ಣಿಗೂ ಬಾವಿಯ ನೀರಿಗೂ ಸೇರುತ್ತದೆ. ಕೆಟ್ಟ ಲಿಥಿಯಂ ಸೆಲ್ಲುಗಳ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.