ಮನೆಯ ನೆಟ್ ತೋಟದ ಪಂಪ್‌ಹೌಸ್‌ಗೆ: ವೈರ್‌ಲೆಸ್ ಬ್ರಿಡ್ಜ್ ಹಾಕುವುದು ಹೇಗೆ?

ಮನೆಯಲ್ಲಿ ಫೈಬರ್ ನೆಟ್ ಇದೆ, ಅರ್ಧ ಕಿಲೋಮೀಟರ್ ಆಚೆಯ ಪಂಪ್‌ಹೌಸ್‌ಗೆ ಕ್ಯಾಮೆರಾ ಹಾಕಬೇಕು. ಮಲೆನಾಡಿನ ಕಡೆ ಈಗ ಸುಮಾರು ಜನ ಕೇಳುವುದು ಇದನ್ನೇ. ಲ್ಯಾನ್ ಕೇಬಲ್ಲಿನ ಮಿತಿ 100 ಮೀಟರ್. ರಿಪೀಟರ್ ತಂದು ಕಿಟಕಿಗೆ ಕಟ್ಟುವವರೂ ಇದ್ದಾರೆ, ದುಡ್ಡು ದಂಡ. ಬೇಕಿರುವುದು ಹೊರಗೆ ಹಾಕುವ ವೈರ್‌ಲೆಸ್ ಬ್ರಿಡ್ಜ್, ಒಂದು ಜೊತೆ: ಮನೆಯಲ್ಲೊಂದು, ಪಂಪ್‌ಹೌಸ್‌ನಲ್ಲೊಂದು, ಎದುರುಬದುರು ನಿಂತು ಗಾಳಿಯಲ್ಲೇ ನೆಟ್ ದಾಟಿಸುವ ಆಂಟೆನಾ ಪೆಟ್ಟಿಗೆಗಳು. 5 ಗಿಗಾಹರ್ಟ್ಜ್‌ನದ್ದನ್ನೇ ತಗೊಳ್ಳಿ. 2018ರಲ್ಲಿ ಈ ಬ್ಯಾಂಡಿನ ಬಹುಭಾಗಕ್ಕೆ ಲೈಸೆನ್ಸ್ ಬೇಡ ಎಂದಾಗಿದೆ, ಪವರ್ ಮಿತಿಯೊಳಗಿದ್ದರೆ ಸಾಕು. ಡಬ್ಬಿಯ ಮೇಲೆ ಬರೆದಿರುವ ಕಿಲೋಮೀಟರ್ ಲೆಕ್ಕ ಮಾತ್ರ ನಂಬಬೇಡಿ.

ಕೊಳ್ಳುವ ಮುಂಚೆ ತಾರಸಿ ಹತ್ತಿ ನೋಡಿ. ಪಂಪ್‌ಹೌಸ್ ನೇರ ಕಾಣಬೇಕು. "ಮರದ ಸಂದಿಯಲ್ಲಿ ಕಾಣುತ್ತೆ" ಅಂದರೆ ಸಾಲದು, ಯಾಕೆಂದರೆ ಸಿಗ್ನಲ್ ದಾರದ ಹಾಗೆ ಸಪೂರವಾಗಿ ಹೋಗುವುದಿಲ್ಲ, ನಡುವೆ ಉಬ್ಬಿಕೊಂಡು ಹೋಗುತ್ತದೆ. 500 ಮೀಟರ್ ದೂರಕ್ಕೆ ನಟ್ಟನಡುವೆ, ಎರಡೂ ಬ್ರಿಡ್ಜ್ ಸೇರಿಸುವ ನೇರ ಗೆರೆಯ ಸುತ್ತ ಒಂದೂವರೆ ಮೀಟರ್ ಆದರೂ ಖಾಲಿ ಇರಬೇಕು, ಎರಡೂವರೆ ಇದ್ದರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ಚೆನ್ನಾಗಿ ಓಡಿದ ಲಿಂಕ್ ಮಳೆಗಾಲದಲ್ಲಿ ಕೈಕೊಡುವುದು ಇದರಿಂದಲೇ. ಒದ್ದೆ ಎಲೆ ಸಿಗ್ನಲ್ ನುಂಗುತ್ತದೆ. ಅಡಿಕೆ ಮರ ವರ್ಷವರ್ಷ ಎತ್ತರ ಆಗುತ್ತೆ ಅಲ್ವಾ, ಅದಕ್ಕೂ ಜಾಗ ಬಿಡಿ. ಬ್ರಿಡ್ಜ್ ಕಟ್ಟುವ ಕಂಬಕ್ಕೆ ಜಿಐ ಪೈಪ್ ಹಾಕಿ. ಬಿದಿರು ಬೇಡವೇ ಬೇಡ.

ಸೆಟ್ಟಿಂಗ್ ಎಲ್ಲ ಮನೆಯಲ್ಲೇ ಮುಗಿಸಿ. ಮನೆ ಕಡೆಯದು ಆಕ್ಸೆಸ್ ಪಾಯಿಂಟ್ (ನೆಟ್ ಕೊಡುವುದು), ತೋಟದ್ದು ಕ್ಲೈಂಟ್ (ಪಡೆಯುವುದು), ಎರಡೂ ಬ್ರಿಡ್ಜ್ ಮೋಡ್. ಎರಡಕ್ಕೂ ಒಂದೇ ಐಪಿ (ನೆಟ್‌ವರ್ಕಿನೊಳಗಿನ ವಿಳಾಸದ ಸಂಖ್ಯೆ) ಬಂದಿರುತ್ತದೆ, ಒಂದರದ್ದು ಬದಲಿಸಿ. ಪಂಪ್‌ಹೌಸ್‌ನಲ್ಲಿ ವೈಫೈಗೆ ಹಳೆ ರೌಟರ್ ಇಡುವುದಾದರೆ ಅದರ ಡಿಎಚ್‌ಸಿಪಿ (ತಾನಾಗಿ ಐಪಿ ಹಂಚುವ ಸೆಟ್ಟಿಂಗ್) ಆಫ್ ಮಾಡಿ, ಕೇಬಲ್ಲನ್ನು ಲ್ಯಾನ್ ಪೋರ್ಟಿಗೇ ಚುಚ್ಚಿ. ಪವರ್ ಅಡಾಪ್ಟರ್‌ನಲ್ಲಿ ಎರಡು ಪೋರ್ಟ್ ಇರುತ್ತವೆ: ಪಿಒಇ (ಕೇಬಲ್ಲಿನಲ್ಲೇ ಕರೆಂಟ್ ಕಳಿಸುವುದು) ಅಂತ ಇರುವುದು ಬ್ರಿಡ್ಜ್‌ಗೆ, ಲ್ಯಾನ್ ಅಂತ ಇರುವುದು ರೌಟರಿಗೆ. ಅದಲುಬದಲಾದರೆ 24 ವೋಲ್ಟ್ ಹೋಗಿ ರೌಟರಿನ ಪೋರ್ಟ್ ಸುಡಬಹುದು.

ಕೇಬಲ್ ಬಗ್ಗೆ ಒಂದು ಮಾತು. ಅಗ್ಗದ್ದರಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದಿರುತ್ತಾರೆ. ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ.

ಈಗ ಗುರಿ ಹೊಂದಿಸುವ ಕೆಲಸ. ಹೆಚ್ಚಿನವರು ಎಡವುವುದು ಇಲ್ಲೇ. ಎರಡೂ ತುದಿಯಲ್ಲಿ ಒಬ್ಬೊಬ್ಬರು, ಕಿವಿಯಲ್ಲಿ ಫೋನ್. ಒಬ್ಬರು ಅಲ್ಲಾಡಿಸುವಾಗ ಇನ್ನೊಬ್ಬರು ಮುಟ್ಟಲೇಬಾರದು. ಕಣ್ಣಳತೆಯಲ್ಲಿ ಎದುರುಬದುರು ನಿಲ್ಲಿಸಿ, ಕ್ಲೈಂಟಿನ ಸೆಟ್ಟಿಂಗ್ ಪೇಜಿನಲ್ಲಿ ಸಿಗ್ನಲ್ ಅಂಕಿ ತೆರೆಯಿರಿ. ಅದು ಮೈನಸ್‌ನಲ್ಲಿರುತ್ತದೆ, ಸೊನ್ನೆಯ ಕಡೆ ಬಂದಷ್ಟೂ ಒಳ್ಳೆಯದು. ಎಡಕ್ಕೆ ಒಂದು ಬೆರಳಿನಷ್ಟು ತಿರುಗಿಸಿ, ನಿಲ್ಲಿ, ಅಂಕಿ ಬದಲಾಗಲು ಕೆಲವು ಸೆಕೆಂಡ್ ಬೇಕು. ಮತ್ತೆ ತಿರುಗಿಸಿ. ಮೈನಸ್ 72 ಇದ್ದದ್ದು 68 ಆದ ಕೂಡಲೇ "ಸಿಕ್ತು" ಅಂತ ಬಿಗಿ ಮಾಡಬೇಡಿ. ಆಂಟೆನಾದಿಂದ ಪಕ್ಕಕ್ಕೂ ಸ್ವಲ್ಪ ಸಿಗ್ನಲ್ ಸೋರುತ್ತದೆ, ನಿಮಗೆ ಸಿಕ್ಕಿದ್ದು ಆ ಸುಳ್ಳು ಶಿಖರವೇ ಇರಬಹುದು. ಅಂಕಿ ಇಳಿದ ಮೇಲೂ ಇನ್ನಷ್ಟು ಮುಂದೆ ಹೋಗಿ, ಎರಡೂ ಕಡೆ ಪೂರ್ತಿ ಬೀಸಿ ನೋಡಿ, ಎಲ್ಲಕ್ಕಿಂತ ಒಳ್ಳೆಯ ಅಂಕಿ ಬಂದ ಜಾಗಕ್ಕೆ ವಾಪಸ್ ಬನ್ನಿ. ಆಮೇಲೆ ಮೇಲೆ ಕೆಳಗೆ ಇದೇ ಆಟ. ಮೈನಸ್ 50ರಿಂದ 65ರೊಳಗೆ ಬಂದರೆ ನಿಶ್ಚಿಂತೆ. 75ಕ್ಕೆ ನಿಂತರೆ ನಡುವೆ ಏನೋ ಅಡ್ಡ ಇದೆ. ಕಂಬಕ್ಕೆ ಪಟ್ಟಿ ಬಿಗಿಯುವಾಗ ಬ್ರಿಡ್ಜ್ ತಿರುಗುತ್ತದೆ, ಹಾಗಾಗಿ ಬಿಗಿದ ಮೇಲೆ ಅಂಕಿ ಇನ್ನೊಮ್ಮೆ ನೋಡಿ.

ಸೆಟ್ಟಿಂಗಿನಲ್ಲಿ ಚಾನೆಲ್ (ಬ್ಯಾಂಡಿನೊಳಗಿನ ದಾರಿ) 149ರಿಂದ 165ರ ನಡುವೆ ಇಡಿ. ಕೆಳಗಿನ ಕೆಲವು ಚಾನೆಲ್‌ಗಳಲ್ಲಿ ರೇಡಾರ್ ಸುಳಿವು ಸಿಕ್ಕರೆ ಬ್ರಿಡ್ಜ್ ತಾನೇ ಆ ಚಾನೆಲ್ ಬಿಟ್ಟು ಹೋಗುತ್ತದೆ, ಲಿಂಕ್ ಸುಮ್ನೆ ಕಡಿಯುತ್ತದೆ.

ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಕೆಳಗೆ ಒಂದು ಬಳುಕು ಕೊಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ. ಕಂಬಕ್ಕೆ ಅರ್ತಿಂಗ್, ಕೇಬಲ್ಲಿಗೆ ಸರ್ಜ್ ಪ್ರೊಟೆಕ್ಟರ್ (ಏಕಾಏಕಿ ಏರುವ ವೋಲ್ಟೇಜ್ ತಡೆಯುವ ಸಾಧನ) ಹಾಕಿಸಿ. ಆದರೂ ಗುಡುಗು ಶುರುವಾಗುವ ಲಕ್ಷಣ ಕಂಡ ಕೂಡಲೇ ಅಡಾಪ್ಟರಿನ ಪ್ಲಗ್ ಮಾತ್ರ ಅಲ್ಲ, ರೌಟರಿಗೆ ಹೋಗುವ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ.