ಅಜ್ಜಿಯ ಎರಡು ‘ಏಳು’

ಕೊಡವ ತಕ್ಕ್‌ನಲ್ಲಿ ಕನ್ನಡಕ್ಕಿಲ್ಲದ ಎರಡು ಸ್ವರ ಇವೆ, ಹ್ರಸ್ವ ದೀರ್ಘ ಸೇರಿದರೆ ನಾಲ್ಕು. ಭಾಷಾವಿಜ್ಞಾನಿ ಎಮೆನೋ 1970ರಲ್ಲೇ ಬರೆದಿಟ್ಟ ಸಂಗತಿ, ನನ್ನ ಶೋಧವೇನಲ್ಲ. ಅವನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ಪ್ರಾಟ್ ಅನ್ನೋ ದನಿ ಅಳೆಯುವ ಸಾಫ್ಟ್‌ವೇರ್‌ನಲ್ಲಿ ಅಳೆದು ತೋರಿಸ್ತೀನಿ ಅಂತ ಹಟ ಹಿಡಿದದ್ದು ಮಾತ್ರ ನಾನು. ‘ಸ್ಟುಡಿಯೋ ಇಲ್ಲದೆ ಆಗಲ್ಲ ಬಿಡಿ’ ಅಂದವರು ಮೂವರು. ಅವರಲ್ಲೊಬ್ಬರು ಮೊನ್ನೆ ಫೈಲ್ ಕೇಳಿದರು!

ಮೊದಲ ಸಲ ಬಾಡಿಗೆ ರೆಕಾರ್ಡರ್ ತಗೊಂಡು ಹೋದೆ. ಬಾಡಿಗೆ, ಬಸ್ಸು, ಊಟ ಸೇರಿ ಸುಮಾರು ಒಂಬತ್ತು ಸಾವಿರ ಹೋಯಿತು. ಜುಲೈ ತಿಂಗಳು, ಶೀಟಿನ ಮಾಡು. ಗೋಣಿಕೊಪ್ಪದ ಮಳೆ ಬಿಟ್ಟರೆ ಬೇರೇನೂ ದಾಖಲಾಗಲಿಲ್ಲ.

ಎರಡನೇ ಸಲದ ತಪ್ಪು ಪೂರ್ತಿ ನನ್ನದೇ. ಕನ್ನಡ ಲಿಪಿಯಲ್ಲಿ ಪದಪಟ್ಟಿ ಬರೆದು ಹುಡುಗರಿಗೆ ಓದಲು ಕೊಟ್ಟೆ. ಎಂಟಕ್ಕೆ ‘ಎಟ್ಟ್’ ಅಂತ ಬರೆದರೆ ಅವರೂ ಶಾಲೆಯ ಎ ಹಾಕಿ ಓದಿದರು. ಲಿಪಿಯಲ್ಲಿ ಆ ಅಕ್ಷರವೇ ಇಲ್ಲ, ಪಾಪ ಅವರೇನು ಮಾಡ್ತಾರೆ? ಸಾಲದ್ದಕ್ಕೆ ಪಟ್ಟಿಯಲ್ಲಿ ಬೊಳ್ಳಿ, ಪೊಣ್ಣ್, ಪುಡಿ ಎಲ್ಲ ತುಂಬಿದ್ದೆ. ಅಂದರೆ ನಮ್ಮ ಬೆಳ್ಳಿ, ಹೆಣ್ಣು, ಹಿಡಿ. ಹಿಂದೆ ಪ, ಬ ಥರದ ತುಟಿಯ ವ್ಯಂಜನ ಇದ್ದರೆ ಸ್ವರ ಒ, ಉ ಆಗಿಬಿಡುತ್ತೆ, ನನಗೆ ಬೇಕಾದ್ದು ಸಿಗೋದೇ ಇಲ್ಲ. ಗೊತ್ತಿದ್ದೂ ಅರ್ಧ ದಿನ ಹಾಳು.

ಮೂರನೇ ಸಲ ಒಂಬೈನೂರು ರೂಪಾಯಿಯ ಕಾಲರ್ ಮೈಕು, ನನ್ನ ಹಳೇ ಫೋನು, ಡಿಸೆಂಬರ್ ತಿಂಗಳು. ದನಿಯನ್ನು ಕುಗ್ಗಿಸದ ವಾವ್ ಫೈಲು, ವಾಟ್ಸಾಪ್‌ನಲ್ಲಿ ಕಳಿಸೋ ಗೋಜೇ ಇಲ್ಲ. ಜೀರುಂಡೆ ಶುರುವಾಗೋ ಮೊದಲೇ ಮುಗಿಸಿದೆ. ಪಟ್ಟಿಯೂ ಇಲ್ಲ. ಎಪ್ಪತ್ತು ದಾಟಿದ ಒಬ್ಬ ಅಜ್ಜಿಯ ಮುಂದೆ ಹತ್ತು ಕಿತ್ತಳೆ ಇಟ್ಟು, ‘ಎಣಿಸಿ ಅಜ್ಜಿ’ ಅಂದೆ. ಕೊಡವದಲ್ಲಿ ಎಣಿಸಿದರು. ಆಮೇಲೆ, ‘ಸಂತೆಯಲ್ಲಿ ಕನ್ನಡದವರಿಗೆ ಹೇಗೆ ಎಣಿಸಿ ಕೊಡ್ತೀರಿ?’ ಅಂತ ಕೇಳಿದೆ. ಅದೇ ಗಂಟಲಿನಿಂದ ಎರಡು ‘ಏಳು’ ಬಂತು, ಎರಡರಲ್ಲೂ ಅದೇ ಳ.

ಕನ್ನಡದ ಏಳುವಿನಲ್ಲಿ ಎಫ್2, ಅಂದರೆ ನಾಲಿಗೆ ಎಷ್ಟು ಮುಂದಿದೆ ಅಂತ ತಿಳಿಸೋ ಕಂಪನಾಂಕ, 2200 ಹರ್ಟ್ಸ್ ಆಸುಪಾಸು, ಕೊಡವದ್ದರಲ್ಲಿ 1600ಕ್ಕೆ ಇಳಿದಿತ್ತು. ನಾಲಿಗೆಯ ಎತ್ತರ ತಿಳಿಸೋ ಎಫ್1 ಹೆಚ್ಚು ಅಲುಗಾಡಲಿಲ್ಲ. ಅಂದರೆ ನಾಲಿಗೆಯ ಎತ್ತರ ಅದೇ, ಹಿಂದಕ್ಕೆ ಸರಿದಿದೆ. ಕಿವಿಗೂ ಹಾಗೇ ಕೇಳುತ್ತೆ, ತುಟಿ ದುಂಡಗಾಗೋದಿಲ್ಲ. ‘ಪಕ್ಕದ ಳ ಸ್ವರವನ್ನು ಹಿಂದಕ್ಕೆ ಎಳೆದಿರುತ್ತೆ’ ಅಂತ ವಾದಿಸಿದವರಿಗೆ ಈ ಜೋಡಿ ಸಾಕಾಯಿತು. ಪ್ರಾಟ್‌ನಲ್ಲಿ ಈ ಎಫ್‌ಗಳನ್ನು ಹುಡುಕೋ ಮೇಲ್ಮಿತಿಯನ್ನು (ಸೀಲಿಂಗ್) ಹೆಂಗಸರ ದನಿಗೆ 5500 ಇಡಿ, ಮರೆತು 5000ಕ್ಕೇ ಬಿಟ್ಟು ನಾನು ಒಂದು ರಾತ್ರಿ ಪರದಾಡಿದೆ.

ಇನ್ನೊಂದು ಲಾಭ ಸುಮ್ನೆ ಸಿಕ್ಕಿತು. ನಾವು ‘ತಕ್ಕ್’, ‘ಪತ್ತ್’ ಅಂತ ಕೊನೆಗೆ ಅರ್ಧಾಕ್ಷರ ಬರೀತೀವಲ್ವಾ, ಅಲ್ಲೂ ಪುಟ್ಟದೊಂದು ಸ್ವರ ಇದೆ. ದನಿಯ ಚಿತ್ರ, ಅಂದರೆ ಸ್ಪೆಕ್ಟ್ರೋಗ್ರಾಮ್‌ನಲ್ಲಿ ಅದರ ಕಪ್ಪು ಗೆರೆಗಳು ಕಣ್ಣಿಗೆ ರಾಚುತ್ತವೆ.

ಅಜ್ಜಿಗೆ ಮೈಕು ಮರೆಸಿದ್ದು ಹೇಗೆ ಅನ್ನೋದನ್ನು ಮಾತ್ರ ಹೇಳೋದಿಲ್ಲ, ಅದು ನನ್ನ ಬಂಡವಾಳ.

ಅಲ್ಲೇ ತೋಟದ ಲೈನಿನಲ್ಲಿ, ಅಂದರೆ ಕೆಲಸಗಾರರ ಸಾಲುಮನೆಗಳಲ್ಲಿ, ಯರವ ಬುಡಕಟ್ಟಿನವರ ಕೈಲೂ ಕಿತ್ತಳೆ ಎಣಿಸಿದೆ. ವಯನಾಡಿನಲ್ಲಿ ಅಡಿಯರು ಅಂತಾರಲ್ಲ, ಅವರೇ, ಭಾಷೆಗೆ ರಾವುಳ ಅಂತಲೂ ಹೆಸರು. ನನ್ನ ಮುಖ ನೋಡಿದ ಕೂಡಲೇ ಎಲ್ಲರೂ ಕನ್ನಡಕ್ಕೆ ಜಾರಿದರು. ಇಪ್ಪತ್ತು ನಿಮಿಷದ ರೆಕಾರ್ಡಿಂಗ್‌ನಲ್ಲಿ ಯರವ ಎರಡು ನಿಮಿಷವೂ ಇಲ್ಲ. ಫೆಬ್ರವರಿಯಲ್ಲಿ ಮತ್ತೆ ಹೋಗ್ತೀನಿ. ಮೈಕು ಅಲ್ಲಿನ ಹುಡುಗಿಯ ಕೈಗೇ ಕೊಟ್ಟು, ನಾನು ಗೇಟಿನ ಹೊರಗೆ ಕೂರೋದು.