ಸ್ತನ ಕ್ಯಾನ್ಸರ್ ಚಿಕಿತ್ಸೆಯ ತೊಂದರೆಗಳನ್ನು ವೈದ್ಯರಿಗೆ ತಿಳಿಸುವ ಬಗೆ

ಅಮೆರಿಕದಲ್ಲಿ ಕಪ್ಪು ವರ್ಣೀಯ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬರುವ ಪ್ರಮಾಣ ಬಿಳಿಯರಿಗಿಂತ ತುಸು ಕಡಿಮೆಯಿದ್ದರೂ ಸಾವಿನ ಪ್ರಮಾಣ ಸುಮಾರು ಶೇ. 40ರಷ್ಟು ಹೆಚ್ಚಿದೆ. ಇದಕ್ಕೆ ಕಾರಣಗಳು ಹಲವು. ಚಿಕಿತ್ಸೆಯ ವೇಳೆ ಅವರು ಹೇಳಿಕೊಳ್ಳುವ ನೋವಿಗೆ ತಕ್ಕ ಆರೈಕೆ ಸಿಗದಿರುವುದನ್ನೂ ಅಲ್ಲಿನ ಅಧ್ಯಯನಗಳು ಗುರುತಿಸಿವೆ. ನಮ್ಮ ಮಲೆನಾಡಿನಲ್ಲಿ ಇಂಥದೇ ಅಂತರವನ್ನು ಬಡತನ, ಹೊಸನಗರದ ಒಳಹಳ್ಳಿಯಿಂದ ಶಿವಮೊಗ್ಗದವರೆಗಿನ ದಾರಿ ಮತ್ತು ಹೆಣ್ಣುಮಕ್ಕಳ ಸಂಕೋಚ ಸೃಷ್ಟಿಸುತ್ತವೆ.

ಪ್ರತಿ ಕೀಮೋ (ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧದ ಚಿಕಿತ್ಸೆ) ಆದ ದಿನದಿಂದ ಒಂದು ನೋಟ್‌ಪುಸ್ತಕದಲ್ಲಿ ದಿನಾಂಕ, ತೊಂದರೆ ಮತ್ತು ಸೊನ್ನೆಯಿಂದ 10ರೊಳಗೆ ಅದರ ತೀವ್ರತೆಯನ್ನು ಬರೆದಿಡಿ. ‘ಸುಸ್ತು’ ಎಂದಷ್ಟೇ ಬರೆಯದೆ, ‘ಕೊಟ್ಟಿಗೆಯವರೆಗೆ ನಡೆಯಲಾಗಲಿಲ್ಲ’ ಎಂದು ಬರೆದರೆ ವೈದ್ಯರಿಗೆ ಸ್ಥಿತಿ ಸ್ಪಷ್ಟವಾಗುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧ ಪಡೆಯುವವರು ಬೆರಳುಗಳ ಜೋಮನ್ನು ವಿಶೇಷವಾಗಿ ಗಮನಿಸಬೇಕು: ರವಿಕೆಯ ಹುಕ್ಕು ಹಾಕಲು ತಡವರಿಸುವುದು, ಅಡಿಕೆ ಸುಲಿಯುವಾಗ ಕತ್ತಿ ತಾಗಿದ್ದು ತಿಳಿಯದಿರುವುದು ಇದರ ಲಕ್ಷಣಗಳು. ಇದನ್ನು ಸಹಿಸಿಕೊಂಡು ಸುಮ್ಮನಿರಬಾರದು. ಬೇಗ ತಿಳಿಸಿದರೆ ವೈದ್ಯರು ಔಷಧದ ಪ್ರಮಾಣವನ್ನು ಬದಲಿಸಬಲ್ಲರು, ತಡವಾದರೆ ನರಗಳ ಹಾನಿ ಉಳಿದುಬಿಡಬಹುದು.

ವಾಂತಿ, ಬಾಯಿಹುಣ್ಣುಗಳಿಗೂ ಔಷಧವಿದೆ, ಕೇಳಿ ಪಡೆಯಿರಿ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಕಷಾಯ ಕುಡಿದು ಬೆಳಗಿನವರೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೊರಡಬೇಕು, ಏಕೆಂದರೆ ಕೀಮೋದಿಂದ ಬಿಳಿ ರಕ್ತಕಣಗಳು ಕುಸಿದಿರುವಾಗ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಾಂತಿಕವಾಗಬಲ್ಲದು. ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗದ ಊರಿನವರು ಥರ್ಮಾಮೀಟರನ್ನೂ ವಾಹನದ ಏರ್ಪಾಡನ್ನೂ ಮೊದಲೇ ಮಾಡಿಟ್ಟುಕೊಳ್ಳಬೇಕು.

ತಪಾಸಣೆಯ ಕೊಠಡಿಯಲ್ಲಿ ಗಂಡನೋ ಮಗನೋ ಉತ್ತರಿಸುವುದನ್ನು ನಾನು ಒಪ್ಪಲಾರೆ. ಪುಸ್ತಕವನ್ನು ತೆರೆದು ರೋಗಿಯೇ ಓದಲಿ. ಸಂಕೋಚವಾದರೆ ನರ್ಸ್ ಬಳಿ ಪ್ರತ್ಯೇಕವಾಗಿ ಮಾತನಾಡಲು ಅವಕಾಶ ಕೇಳಲಿ.